ಅಜ್ಞಾತ ಕಲಾವಿದ

ರೊಯ್ಸ್ಟನ್, ಆ ಡಬ್ಬ ಈಗಲೇ ಒಡೆಯಬೇಡ.
ಕೂತುಕೋ, ಚಾಯ ಬರುತ್ತದೆ.
ರೂವಿಯ ಅಂಗಡಿಯವ ನಿನ್ನ ಮುಖ ನೋಡಿಯೇ
ಹೊಸ ವೀಸಾದ ವಾಸನೆ ಹಿಡಿದಿದ್ದಾನೆ,
ಇಲ್ಲದಿದ್ದರೆ ಒಂದು ಮಾರು ತಂತಿಗೆ
ಹದಿನೆಂಟು ರಿಯಾಲ್ ಯಾರು ಕೊಡುತ್ತಾರೆ ಮಾರಾಯಾ?
ಬಾಯಿಗೆ ಚಿನ್ನ ಕಟ್ಟಿಸಿದ್ದಂತೆ!
ನಾಳೆಯೇ ವಾಪಸು ಕೊಡು. ಬಿಲ್ಲು ಉಂಟಲ್ಲ?
ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿದರೆ ಆಯಿತು,
ತಾಮ್ರಕ್ಕೆ ಜಾತಕ ನೋಡಲಿಕ್ಕಿಲ್ಲ.

ಮೊದಲು ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟು.
ಕೇಳಿತಾ? ಟರ್ರೆಂದು ಅದಕ್ಕೊಂದು ಬಾಲ ಬಂತಲ್ಲ,
ಅದು ಟೈಲ್ಸಿನದ್ದು, ಗಾಜಿನದ್ದು, ಬೋಳು ಗೋಡೆಯದ್ದು.
ಹಮ್ರಿಯಾದ ಈ ಕೋಣೆಗಳನ್ನು ಕಟ್ಟಿದವರು
ಎಷ್ಟು ಮಂದಿ ಮಲಗಬಹುದು ಎಂದು ಲೆಕ್ಕ ಹಾಕಿದ್ದಾರೆ,
ಒಬ್ಬ ಕೂತು ಕೇಳಬಹುದು ಎಂದಲ್ಲ.
ಹಳೆ ಸಾಮಾನಿನ ಸಂತೆಯಲ್ಲಿ
ನಾಲ್ಕು ರಿಯಾಲಿಗೆ ಜಮಖಾನ ಸಿಗುತ್ತದೆ, ಹಾಸು.
ಕಿಟಕಿಗೆ ದಪ್ಪ ಪರದೆ,
ಬಿಸಿಲಿಗೂ ಆಯಿತು, ಸ್ವರಕ್ಕೂ ಆಯಿತು.

ಸ್ಪೀಕರನ್ನು ಮೂಲೆಗೆ ನೂಕಬೇಡ,
ಹೊಟ್ಟೆ ಉಬ್ಬರಿಸಿದ ಎಮ್ಮೆಯ ಹಾಗೆ ಗುಮ್ಮೆನ್ನುತ್ತದೆ.
ಗೋಡೆಯಿಂದ ಒಂದು ಮೊಳ ಈಚೆ ಇರಲಿ.
ಅವು ಎರಡು, ನಿನ್ನ ತಲೆ ಮೂರನೆಯದು:
ಒಲೆಯ ಮೂರು ಕಲ್ಲಿನ ಹಾಗೆ, ಅಂತರ ಸಮ.
ಸ್ಟ್ಯಾಂಡಿಗೆ ದುಡ್ಡು ಹಾಕಬೇಡ,
ಸೈಟಿನಿಂದ ನಾಲ್ಕು ಬ್ಲಾಕು ತಾ.
ಫೋರ್‌ಮನ್ನಿಗೆ ಕೇಳಿಯೇ ತಾ.
ಮಂಚ ಅಡ್ಡ ಬರುತ್ತದೆಯೇ? ಮಂಚ ಸರಿಸು.

ಆಂಪ್ಲಿಫೈಯರಿನ ಸ್ವಿಚ್ಚು ಹಾಕುವಾಗ ಕೊನೆಗೆ,
ಆರಿಸುವಾಗ ಮೊದಲಿಗೆ.
ಯಾಕೆ ಎಂದು ಒಮ್ಮೆ ಮರೆತ ದಿನ ಗೊತ್ತಾಗುತ್ತದೆ.

ದೊಡ್ಡ ಫೈಲೋ ಸಣ್ಣ ಫೈಲೋ ಎಂಬ ಜಗಳವುಂಟಲ್ಲ,
ನೀನು ಕಣ್ಣು ಮುಚ್ಚಿ ಕೂತುಕೋ,
ಬದಲಿಸಿ ಬದಲಿಸಿ ಹಾಕಲು ಶೌಕತನಿಗೆ ಹೇಳು.
ಹತ್ತರಲ್ಲಿ ಒಂಬತ್ತು ಸರಿ ಹೇಳಿದರೆ ದೊಡ್ಡದು ತೆಗೆ.
ನಾನು ನಾಲ್ಕು ಹೇಳಿದೆ.
ಆದರೂ ದೊಡ್ಡದನ್ನೇ ಇಟ್ಟಿದ್ದೇನೆ, ಸೋತವನ ಹಠ.

ಎಲ್ಲಕ್ಕಿಂತ ಬೇಸರದ ಕೆಲಸ ಹೆಸರು ಬರೆಯುವುದು.
ಬರೆಯದಿದ್ದರೆ ಯಂತ್ರ ತನಗೆ ತೋಚಿದ್ದು ಬರೆಯುತ್ತದೆ.
ನನ್ನ ಹತ್ತಿರ ಹನ್ನೊಂದು ಕ್ಯಾಸೆಟ್ ಇತ್ತು,
ಆಗ ಫೋನಿಗೆ ನಿಮಿಷಕ್ಕೆ ಒಂದು ಹೊತ್ತಿನ ಊಟದ ದುಡ್ಡು,
ಊರಿಗೆ ಹೋಗಿ ಬರುವವರ ಚೀಲದಲ್ಲಿ ಕಾಗದದ ಬದಲು
ಅಕ್ಕ ಬೀಪಾತುಮ್ಮ ಮಾತಾಡಿ ಕಳಿಸುತ್ತಿದ್ದಳು.
ಕಳೆದ ರಮಳಾನಿನಲ್ಲಿ ಒಂದೊಂದೇ ಇಳಿಸಿದೆ.
ಪರದೆಯ ಮೇಲೆ ಬಂತು:
ಅಜ್ಞಾತ ಕಲಾವಿದ. ಹಾಡು ಒಂದು. ಹಾಡು ಎರಡು.
ಹಾಡು ಒಂದರಲ್ಲಿ ಬಂಗುಡೆಯ ರೇಟು,
ಹಾಡು ಎರಡರಲ್ಲಿ, ನೀನು ಕಳಿಸಿದ ಟಾರ್ಚು
ಚಿಕ್ಕಪ್ಪ ಕೊಂಡುಹೋದವರು ಕೊಡಲೇ ಇಲ್ಲ.
ಆರನೆಯದರಲ್ಲಿ ಯಾರೂ ಮಾತಾಡುವುದಿಲ್ಲ,
ಗುಂಡಿ ಒತ್ತಿದವಳು ಆರಿಸಲು ಮರೆತಿದ್ದಾಳೆ,
ಮೀನು ಹೊರಿಯುವ ಸದ್ದು, ಅರ್ಧ ಗಂಟೆ.
ಅದಕ್ಕೆ ಏನು ಹೆಸರಿಡಬೇಕೆಂದು ಇನ್ನೂ ಗೊತ್ತಾಗಿಲ್ಲ.

ನಿನ್ನದು ಫೋನಿನಲ್ಲಿ ಉಂಟು, ಅಲ್ಲೇ ಬಿಡಬೇಡ.
ಎರಡು ಡಿಸ್ಕಿನಲ್ಲಿ ಹಾಕು, ಎರಡನೆಯದು ಈ ಕೋಣೆಯಲ್ಲಿ ಬೇಡ.
ನನ್ನದು ಸೊಹಾರಿನಲ್ಲಿ ಭಾವನ ಮಗನ ಕಪಾಟಿನಲ್ಲಿದೆ.
ಕಾರಿನಲ್ಲಂತೂ ಇಡಲೇಬೇಡ,
ಜೂನಿನಲ್ಲಿ ಇಲ್ಲಿಯ ಡ್ಯಾಶ್‌ಬೋರ್ಡು ಕಾವಲಿ.

ಹಾಂ, ಇನ್ನೊಂದು.
ಮೆತ್ತಗಿನದ್ದು ಕೇಳಬೇಕಾದರೆ ಏಸಿ ಆರಿಸಬೇಕು,
ಅದರ ಗೊರಕೆಯ ಅಡಿಯಲ್ಲಿ ಎಲ್ಲ ಮುಳುಗುತ್ತದೆ.
ಕ್ಯಾಸೆಟ್ಟಿನ ಒಂದು ಮಗ್ಗುಲು ತಡೆದುಕೊಳ್ಳಬಹುದು,
ಬೆನ್ನು ತೊಯ್ದು ಅಂಗಿ ಅಂಟುವ ಹೊತ್ತಿಗೆ
ಅವಳು ಕೇಳುತ್ತಾಳೆ:
ಅಲ್ಲಿ ಸೆಕೆ ಹೇಗುಂಟು?

ಒಂದು ಬೈರಾಸು ಹತ್ತಿರ ಇಟ್ಟುಕೋ.