ಸ್ಕೋರು ಪುಸ್ತಕದ ಹಿಂಬದಿ

ನಮ್ಮ ಪದವಿನ ಮೇಲೆ ಹುಲ್ಲಿಲ್ಲ.
ಮುರಕಲ್ಲು, ಅದರ ಮೇಲೆ ಚಾಪೆ,
ಚಾಪೆಯ ನಾಲ್ಕು ಮೂಲೆಗೆ ಕಬ್ಬಿಣದ ಮೊಳೆ.
ಬಿದ್ದರೆ ಮೊಣಕಾಲು ಹೋಯಿತೆಂದೇ ಲೆಕ್ಕ.
ಅದಕ್ಕೇ ಮೊದಲ ವಾರ ನಾನು ಬ್ಯಾಟು ಕೊಡುವುದಿಲ್ಲ,
ಬೀಳಲು ಕಲಿಸುತ್ತೇನೆ.

ಸ್ಕೋರು ಬರೆಯುವವರು ಮಿಸ್ರಿಯಾ ಟೀಚರ್.
ಪುಸ್ತಕದ ಮುಂದಿನಿಂದ ರನ್ನು, ವಿಕೆಟ್ಟು, ವೈಡು.
ತಿರುಗಿಸಿ ಹಿಂದಿನಿಂದ ತೆರೆದರೆ ಬೇರೆ ಲೆಕ್ಕ:
ಅನ್ಸೀಫ್ – ಪಫ್ ತರಲಿಲ್ಲ, ಧೂಳಿನಲ್ಲಿ ಓಡಿಸಬೇಡಿ.
ಶ್ರಾವಣಿ – ಬೆಳಿಗ್ಗೆ ಚಾ ಮಾತ್ರ. ಬಾಳೆಹಣ್ಣು ಕೊಟ್ಟಿದ್ದೇನೆ.
ಮನೀಶ – ಶೂ ಅಣ್ಣನದು, ತುದಿಗೆ ಹತ್ತಿ ತುರುಕಿದೆ.
ಕೊನೆಯ ಮಗು ಮನೆಗೆ ಹೋಗುವ ತನಕ
ದೊಡ್ಡವರು ಇಬ್ಬರಿರಬೇಕು, ಒಬ್ಬರಲ್ಲ.

ಇಬ್ಬರು ಯಾಕೆ ಎಂದು ಕೇಳಿದ್ದೆ ಒಮ್ಮೆ, ಸ್ವಲ್ಪ ಬಿಸಿಯಾಗಿ.
"ನಿಮ್ಮನ್ನು ನಂಬದೆ ಅಲ್ಲ.
ನಿಯಮಕ್ಕೆ ಮುಖ ನೋಡಲು ಬರುವುದಿಲ್ಲ."

ನನಗೆ ಕಲಿಸಿದ ಐತಪ್ಪ ಮಾಸ್ಟ್ರು
ಕ್ಯಾಚು ಬಿಟ್ಟರೆ ಮೀನಖಂಡಕ್ಕೆ ಸ್ಟಂಪಿನಲ್ಲಿ ಕೊಡುತ್ತಿದ್ದರು.
ಅವರು ತೀರಿಕೊಂಡಾಗ ನಾವೆಲ್ಲ ಅತ್ತೆವು.
ಎರಡೂ ನಿಜ. ಎರಡನ್ನೂ ಒಂದೇ ಕಿಟ್ ಚೀಲದಲ್ಲಿ
ಹೊತ್ತು ಬರುತ್ತೇನೆ ಪ್ರತಿ ಶನಿವಾರ.

ಯಕ್ಷಿತ್ ಬಂದದ್ದು ದೀಪಾವಳಿ ಕಳೆದು.
ಹನ್ನೊಂದು ವರ್ಷ, ಎಡಗೈ ಆಟ,
ಎದೆಯೆತ್ತರ ಪುಟಿದ ಚೆಂಡನ್ನು
ಮೂಗಿನ ತುದಿಯ ತನಕ ನೋಡಿ
ಕಾಲ ಬುಡದಲ್ಲಿ ಕೂರಿಸುವ ಹುಡುಗ.
ಮೊಣಕೈ ಇನ್ನೂ ಮೇಲೆ ಬರಲೆಂದು ತೋರಿಸಲು
ನಾನು ಕೈ ಎತ್ತಿದೆ.
ಕಣ್ಣು ಮುಚ್ಚಿದ.
ಚೆಂಡಿಗೆ ಮುಚ್ಚದ ಕಣ್ಣು.

ಗ್ಲೌಸು ಬಿಚ್ಚುವಾಗ ಅಂಗಿಯ ತೋಳು ಸರಿಯಿತು.
"ಬಾಲ್ ತಾಗಿದ್ದು ಸಾರ್."
ಇಪ್ಪತ್ತೆರಡು ವರ್ಷ ಚೆಂಡು ತಾಗಿಸಿಕೊಂಡ ಮೈ ನನ್ನದು.
ಚೆಂಡಿನ ಗುರುತು ದುಂಡಗೆ,
ಹೊಸತಾದರೆ ಹೊಲಿಗೆಯ ಅಚ್ಚೂ ಕಾಣುತ್ತದೆ.
ಇದು ಉದ್ದ. ಎರಡು ಗೆರೆ, ನಡುವೆ ಬಿಳಿ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ.
ದಾಲ ಇಜ್ಜಿ. ಎಂತ ಇಲ್ಲ. ಒನ್ನೂಲ್ಲ.
ನಮ್ಮ ಕಡೆಯ ಮಕ್ಕಳಿಗೆ ಮೂರರಲ್ಲೂ
ಎಲ್ಲಕ್ಕಿಂತ ಮೊದಲು ಬಾಯಿಪಾಠವಾಗುವ ಮಾತು.

ಅಪ್ಪನನ್ನೇ ಕರೆದು ಮಾತಾಡುವ, ಎಂದೆ.
ಟಿಪ್ಪರ್ ಓಡಿಸುತ್ತಾನೆ, ಒಳ್ಳೆಯವ,
ನಮ್ಮ ಟೂರ್ನಮೆಂಟಿಗೆ ಪೆಂಡಾಲು ಅವನದೇ ಖರ್ಚು.
ಟೀಚರ್ ಮಾತಾಡದೆ ಪುಸ್ತಕ ತಿರುಗಿಸಿದರು.
ಮೂರು ತಾರೀಕು. ಮೂರರ ಎದುರೂ "ಬಾಲ್ ತಾಗಿದ್ದಂತೆ".
ಮೂರರಲ್ಲಿ ಎರಡು ದಿನ ನಾವು ಆಡಿದ್ದು
ಟೆನ್ನಿಸ್ ಬಾಲಿನಲ್ಲಿ.

ಒಂದು, ಸೊನ್ನೆ, ಒಂಬತ್ತು, ಎಂಟು.
ಒತ್ತಿದ್ದು ಅವರು. ಮಾತಾಡಿದ್ದು ನಾನು,
ಮಲಯಾಳದಲ್ಲಿ, ತಪ್ಪು ತಪ್ಪಾಗಿ.

ಅಪ್ಪ ಬಂದ. ಚಪ್ಪಲಿ ಕಳಚದೆ ಚಾಪೆಯ ಮೇಲೆ ನಿಂತ.
"ಬ್ಯಾಟು ಹಿಡಿಯಲು ಕಲಿಸು ಅಂದರೆ
ನನ್ನ ಮನೆಯೊಳಗೆ ಕೈ ಹಾಕಿದೆಯಾ?"
ಉತ್ತರ ಇರಲಿಲ್ಲ ನನ್ನಲ್ಲಿ.
ಎರಡನೆಯ ದೊಡ್ಡವರು ಪಕ್ಕದಲ್ಲಿದ್ದರು,
ಪುಸ್ತಕ ಎದೆಗೊತ್ತಿಕೊಂಡು.

ಏಳು ಶನಿವಾರ ಹುಡುಗನಿಲ್ಲ.
ಎಂಟನೆಯದಕ್ಕೆ ಸೋದರಮಾವನ ಸ್ಕೂಟರಿನ ಹಿಂದೆ,
ನೀರ್ಚಾಲಿನಿಂದ. ಈಗ ಅಲ್ಲೇ ಇರುವುದಂತೆ.
ಮನೆ ಹೊಲಿದುಕೊಂಡಿತೋ, ಇನ್ನಷ್ಟು ಹರಿಯಿತೋ,
ನಾನು ಕೇಳಲಿಲ್ಲ. ಕೇಳುವವರು ತಿಂಗಳಿಗೊಮ್ಮೆ ಬರುತ್ತಾರೆ.
ಪೆಂಡಾಲು ಈ ವರ್ಷ ಇಲ್ಲ.
ಬಿಸಿಲಲ್ಲೇ ಆಡುತ್ತಿದ್ದೇವೆ.

ಇವತ್ತು ನಾನೇ ಅಂಪೈರು.
ಲೆಗ್ಗಿಗೆ ಹೊರಳಿದ ಚೆಂಡು
ಕೀಪರನ ಕಾಲ ನಡುವೆ ನುಸುಳಿ
ಮುರಕಲ್ಲ ಮೇಲೆ ಟಣ್ ಎಂದು ಹೋಯಿತು.
ಮೂರು ಓಡಿ ನನ್ನ ಪಕ್ಕಕ್ಕೇ ಬಂದು ನಿಂತ ಯಕ್ಷಿತ್.
ಬೈ. ಬೈಗುಳದ ಬೈ ಅಲ್ಲ,
ಬ್ಯಾಟಿಗೂ ಮೈಗೂ ಮುಟ್ಟದೆ ಬಂದ ಓಟ.
ಅಂಗೈ ಬಿಡಿಸಿ ತಲೆಯ ಮೇಲೆ ಎತ್ತಬೇಕು.
ಸೊಂಟದ ಹತ್ತಿರವೇ ಉಳಿಯಿತು ಕೈ.

"ರನ್ನಾ, ಬೈಯಾ?" ಬೇಲಿಯ ಬುಡದಿಂದ ಟೀಚರ್, ಪೆನ್ನು ಎತ್ತಿ.

ಏದುಸಿರಲ್ಲಿ, ಹೆಲ್ಮೆಟ್ಟಿನ ಸರಳುಗಳ ಹಿಂದಿನಿಂದ, ಅವನೇ:
"ಕೈ ಎತ್ತಿ ಸಾರ್.
ನಂಗೆ ತಾಗ್ಲಿಲ್ಲ."