ಗಸಿಯ ಮೇಲೆ

ನಾಂತ್ ಪೇಟೆಯ ಶನಿವಾರದ ಸಂತೆ. ಚಳಿಗೆ
ಸೊಲೆನ್‌ಳ ಬೆರಳೆಲ್ಲ ಕೆಂಪು. ಮೊಂಡು ಚಾಕು
ಸಂದಿಗಿಟ್ಟು ಮಣಿಕಟ್ಟು ತುಸು ತಿರುವಿದರೆ
ಟಕ್ಕನೆ ಬಾಯಿಬಿಡುತ್ತದೆ ಸಿಂಪಿ:
ಒಳಗೆ ಒಂದು ಗುಟುಕು ಕಡಲು.

ಇದರ ಜೊತೆ ಏನು ಕುಡಿಯಲಿ, ಗಿರಾಕಿ ಕೇಳುತ್ತಾನೆ.
ಮಸ್ಕಾದೆ, ಅನ್ನುತ್ತಾಳೆ.
ಯಾರ ತೋಟದ್ದು ಅನ್ನುವುದಿಲ್ಲ.

ಸೆವ್ರ್ ಹೊಳೆಯಾಚೆ ನೆಲಮಾಳಿಗೆಯಲ್ಲಿ
ಅವಳಣ್ಣ ಅನ್ಸೆಲ್ಮ್ ಹೊಸ ವೈನನ್ನು ಸೋಸದೆ
ಗಸಿಯ ಮೇಲೇ ಮಲಗಿಸಿದ್ದಾನೆ, ಚಳಿಗಾಲವಿಡೀ.
"ಕಲಕಬೇಡಿ," ಬಂದವರಿಗೆ ಹೇಳುತ್ತಾನೆ,
"ತಳದ್ದು ತಳದಲ್ಲಿದ್ದರೇ ಮೇಲಿನದಕ್ಕೆ ರುಚಿ."
ಅಪ್ಪನ ದೋಣಿ ಮಾರಿದಂದಿನಿಂದ
ಹನ್ನೊಂದು ವರ್ಷ. ಮಾತಿಲ್ಲ.

ಸಿಹಿಯಿಲ್ಲ ಈ ಬಿಳಿಯದರಲ್ಲಿ. ಎಳೆ ಸೇಬಿನ ಹುಳಿ,
ಒದ್ದೆ ಕಲ್ಲು ನೆಕ್ಕಿದ ಹಾಗೆ, ಕೊನೆಗೊಂದಿಷ್ಟು ಉಪ್ಪು.
ಸುಟ್ಟ ಮಾಂಸದೆದುರು ಸೋಲುತ್ತದೆ,
ಕೇಕು ಕಂಡರೆ ಮುಖ ಸಿಂಡರಿಸುತ್ತದೆ;
ರೈ ಬ್ರೆಡ್ಡು, ಉಪ್ಪುಬೆಣ್ಣೆ, ಒಂದು ಡಜನ್ ಸಿಂಪಿ, ಸಾಕು.
ಯಾರದೋ ಮನೆಯ ಮೇಜಿನಲ್ಲಿ
ಅಣ್ಣ ತಂಗಿ ಇಬ್ಬರೂ
ಒಂದೇ ನಾಲಿಗೆಯ ಮೇಲೆ.

ಸಂಜೆ ಖಾಲಿ ಚಿಪ್ಪಿನ ಚೀಲವೆತ್ತಿ ವ್ಯಾನಿನ ಹುಡುಗ
ಕೇಳುತ್ತಾನೆ: "ಇದು ಎಲ್ಲಿಗೆ?"
"ಎಲ್ಲಿಗಾದರೂ. ಪುಡಿಮಾಡಿ
ಬಳ್ಳಿಯ ಬುಡಕ್ಕೆ ಹಾಕುವವರಿದ್ದಾರಂತೆ,"
ಚಾಕು ಒರೆಸುತ್ತ ಅನ್ನುತ್ತಾಳೆ,
"ಸೆವ್ರ್ ಕಡೆ."