ಎಂಟನೆಯ ಡಾಂಗ್ರಿ

ಪಣಂಬೂರಿಗೆ ಕ್ರೇನ್ ಜೋಡಿಸಲು ಬಂದವರು,
ಫಿನ್‌ಲ್ಯಾಂಡಿನವರು.
ಅವರಿಗಿಂತ ಮೊದಲು ಅವರ ಅಳತೆ ಬಂತು,
ಏಜೆಂಟನ ಕೈಯಲ್ಲಿ ಒಂದು ಹಾಳೆ:
ಎಂಟು ಎದೆ, ಎಂಟು ಸೊಂಟ, ಎಂಟು ಹೆಸರು.
ನೀಲಿ ಡಾಂಗ್ರಿ, ಎಡಗಡೆ ಬಿಳಿ ನೂಲಿನ ಹೆಸರು,
ಅಕ್ಷರಕ್ಕೆ ಐದು ರೂಪಾಯಿ.
ನನಗೆ ಉದ್ದ ಹೆಸರಿನವರ ಮೇಲೆ ಪ್ರೀತಿ ಜಾಸ್ತಿ.

ಕೊಸ್ಕಿನೆನ್. ವಿರ್ತಾನೆನ್.
ಯಾರ್ವಿನೆನ್, ಅದರಲ್ಲೊಂದು ಅಕ್ಷರದ ನೆತ್ತಿಗೆ ಎರಡು ಚುಕ್ಕಿ,
ಮಗುವಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ.
ಚುಕ್ಕಿಗೆ ದುಡ್ಡು ಹಾಕಲಿಲ್ಲ.

ಏಪ್ರಿಲ್ ಸೆಕೆ. ಏಳು ಜನ ಬಂದರು,
ಹಾಕಿ ನೋಡಿದರು, ಕನ್ನಡಿ ಸಾಲಲಿಲ್ಲ.
ಎಂತ ಅರ್ಥ ಇದಕ್ಕೆಲ್ಲ, ಕೇಳಿದೆ.
ಹೆಸರು ಹೊಲಿದವಳಿಗೆ ಅಷ್ಟು ಹಕ್ಕು ಉಂಟಲ್ಲ.
ಅರ್ಧ ಇಂಗ್ಲಿಷು, ಅರ್ಧ ಕೈ:
ಕೊಸ್ಕಿನೆನ್ ಬೆರಳುಗಳಿಂದ ನೀರು ಧುಮುಕಿಸಿದ.
ವಿರ್ತಾನೆನ್ ಅದೇ ನೀರನ್ನು ಮೇಜಿನ ಉದ್ದಕ್ಕೂ ಹರಿಸಿದ,
ಯಾರ್ವಿನೆನ್ ಎರಡೂ ತೋಳು ಬಳಸಿ ನಿಲ್ಲಿಸಿಕೊಂಡ.
ಕಲ್ಲಿಯೊ, ಬಂಡೆ ಅಂತೆ.
ಅದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ಸಲೋ ಅಂದರೆ ದಟ್ಟ ಕಾಡು.
ನಾನು ಸಾಲ ಅಂದುಕೊಂಡಿದ್ದೆ.
ಅದೂ ಹೊಕ್ಕರೆ ದಾರಿ ಸಿಗದ್ದೇ.

ಒಬ್ಬಳು ಹೆಂಗಸು, ನಿಯೆಮಿ, ವೆಲ್ಡಿಂಗಿನವಳು.
ನೀರಿನೊಳಗೆ ಚಾಚಿದ ನೆಲ, ಎಂದು
ನನ್ನದೇ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೀಚಿದಳು.
ಅಯ್ಯೋ, ಇದು ನಮ್ಮ ಬೆಂಗ್ರೆಯಲ್ಲವಾ ಮಾರಾಯ್ತಿ,
ಈಚೆ ಹೊಳೆ, ಆಚೆ ಕಡಲು,
ಇಗೋ ಇಲ್ಲಿ, ಈ ಗೀಟಿನ ಮೇಲೆ ನನ್ನ ಮನೆ.
ಆ ಬಟ್ಟೆ ಇನ್ನೂ ತೊಳೆದಿಲ್ಲ.

ಬಾಲದಲ್ಲಿ ನೆನ್ ಯಾಕೆ?
ಪುಟ್ಟದು ಅಂತಲೋ, ಅಲ್ಲಿಯವನು ಅಂತಲೋ;
ಅವರಿಗೂ ಖಾತ್ರಿ ಇಲ್ಲ.
ನಮ್ಮಲ್ಲಿ ನೆನೆ ಅಂದರೆ ಒದ್ದೆಯಾಗು,
ಇನ್ನೊಂದು, ಮರೆಯಬೇಡ, ಅಂದೆ.
ಝರಿ, ಹೊಳೆ, ಕೆರೆ ಮೂವರೂ
ತಮ್ಮ ತಮ್ಮ ಎದೆ ಮುಟ್ಟಿ ನೋಡಿಕೊಂಡರು.

ಹಲ್ಲಾ ಕೊನೆಗೆ ಬಾಯಿಬಿಟ್ಟ.
ನಾನು ಅದನ್ನು ಹಳ್ಳ ಎಂದೇ ಓದಿ ಹೊಲಿದಿದ್ದೆ.
ಅಲ್ಲ: ಬೇಸಗೆಯ ರಾತ್ರಿ ಸದ್ದಿಲ್ಲದೆ ಇಳಿದು
ನಿಂತ ಪೈರನ್ನು ಸುಟ್ಟುಹೋಗುವ ಚಳಿ.
ಚಳಿ ಸುಡುವುದುಂಟಾ ಎಂದು
ಕಾಜಾ ಹಾಕುವ ಹುಡುಗಿಯರು ನಕ್ಕರು.
ನಾನು ನಗಲಿಲ್ಲ.
ಬಂದರಿನ ಐಸ್ ಪ್ಲಾಂಟಿನಲ್ಲಿ ಹದಿನೆಂಟು ವರ್ಷ
ಗಡ್ಡೆ ಹೊತ್ತ ನನ್ನಪ್ಪನ ಬೆರಳತುದಿ
ಹೊಗೆಸೊಪ್ಪಿನ ಹಾಗೆ ಕಪ್ಪಾಗಿತ್ತು.
ಅನ್ನ ಕಲಸುವಾಗ ಬಿಸಿ ತಾಗುತ್ತಿರಲಿಲ್ಲ ಅವರಿಗೆ.
ಅದಕ್ಕೊಂದು ಹೆಸರಿರಬಹುದು ಎಂದು
ನಮಗೆ ಹೊಳೆದೇ ಇರಲಿಲ್ಲ.

ನಿನ್ನದು? ಕೇಳಿದ.
ವಾರಿಜ ತಿಂಗಳಾಯ.
ಅಮ್ಮನ ಬರಿ, ಅಮ್ಮನ ಅಮ್ಮನದು, ಅದರಾಚೆ ಗೊತ್ತಿಲ್ಲ.
ಅರ್ಥ ಯಾರೂ ಹೇಳಿಲ್ಲ,
ಒಳಗೆ ತಿಂಗಳು ಕೇಳಿಸುತ್ತದೆ, ಅಷ್ಟೆ,
ಎಂದು ಟ್ಯೂಬ್‌ಲೈಟಿನಾಚೆ ಬೆರಳು ತೋರಿಸಿದೆ.
ಕೂ, ಅಂದ. ಅವರ ಚಂದ್ರ.
ಗೋಡೆಯ ಕ್ಯಾಲೆಂಡರಿನ ಏಪ್ರಿಲ್ ಮುಟ್ಟಿ
ಮತ್ತೊಮ್ಮೆ ಅಂದ: ಕೂ.
ನಮ್ಮಲ್ಲೂ ಹಾಗೆಯೇ, ಒಂದೇ ಶಬ್ದ
ಆಕಾಶಕ್ಕೂ ಸಂಬಳಕ್ಕೂ.

ಎಂಟನೆಯವನು ಬರಲೇ ಇಲ್ಲ. ಲಂಪಿ.
ವೀಸಾ ಅಂದರು ಒಬ್ಬರು, ಬೆನ್ನುನೋವು ಅಂದರು ಇನ್ನೊಬ್ಬರು.
ಲಂಪಿ ದೊಡ್ಡದೇನಲ್ಲ,
ಕಾಡಿನ ನಡುವೆ ಒಂದು ಸಣ್ಣ ಕೊಳ.
ಕ್ರೇನ್ ಎದ್ದು ನಿಂತಿತು, ಏಳು ಜನ ಹೋದರು,
ಡಾಂಗ್ರಿ ಹ್ಯಾಂಗರಿನಲ್ಲಿ ಉಳಿಯಿತು
ಫ್ಯಾನ್ ಗಾಳಿಗೆ ಖಾಲಿ ತೋಳು ಆಡಿಸುತ್ತ.

ಆಗಸ್ಟಿನಲ್ಲಿ ಬೋಟು ಇಳಿದಾಗ
ತಮ್ಮ ಭುವನೇಶ ಅದನ್ನೆಳೆದು ತೊಟ್ಟ.
ಕಾಲು ಒಂದು ಗೇಣು ಉದ್ದ, ಮಡಚಿ ಹೊಲಿದೆ.
ಹೆಸರು ಬಿಚ್ಚಲಾ?
ಇರಲಿ ಬಿಡು, ಅಂದ.
ಈಗ ಧಕ್ಕೆಯಲ್ಲಿ ಅವನು ಲಂಪಿ,
ಐಸಿನವನಿಗೆ, ಡೀಸೆಲಿನವನಿಗೆ,
ಬೂತಾಯಿ ಏಲಂ ಕೂಗುವವನಿಗೂ.

ರಾತ್ರಿ ಎರಡಕ್ಕೆ ಬೋಟು ಬಿಡುತ್ತದೆ.
ಹೊಯಿಗೆಯಲ್ಲಿ ನಿಂತು ನೋಡುತ್ತೇನೆ:
ಕಡಲಿಗೆ ಹೊರಟಿದ್ದಾನೆ
ಎದೆಯ ಮೇಲೆ ಒಂದು ಕೊಳ,
ಅದರೊಳಗೆ ತಿಂಗಳಾಯ.